ಎರಡು ಬಳೆಯ ಬಾಗಿಲು

ಅರಕೆರೆಯಲ್ಲಿ ಹೊಸ ಮನೆ ಕಟ್ಟಿಸಿದಾಗ ಬೀದಿ ಬಾಗಿಲು ಮಾತ್ರ ಹಳೆಯದನ್ನು ತಂದೆವು. ಶ್ರೀರಂಗಪಟ್ಟಣದಲ್ಲಿ ಒಂದು ಮುಸ್ಲಿಂ ಕುಟುಂಬದ ದೊಡ್ಡ ಮನೆಯನ್ನು ಪಾಲಾದ ಮೇಲೆ ಕೆಡವಿದ್ದರು. ಅದರ ಜೋಡಿ ಬಾಗಿಲು ಹಳೆ ಮರದ ಅಂಗಡಿಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ನನ್ನ ಗಂಡ ತೇಗಕ್ಕೆ ಮರುಳಾದರು, ನಾನು ಹಿತ್ತಾಳೆಗೆ. ಅಡ್ಡಪಟ್ಟಿಗಳ ಉದ್ದಕ್ಕೂ ಗುಂಡಿಯಂತೆ ಉಬ್ಬಿದ ಹಿತ್ತಾಳೆ ಗುಬ್ಬಿಗಳು, ಒಂದೊಂದರ ಬುಡದಲ್ಲೂ ಎಂಟು ಮೂಲೆಯ ನಕ್ಷತ್ರ. ನಡುವೆ ಎಲೆ ಬಿಟ್ಟು, ಸುತ್ತಿ, ಮತ್ತೆ ತನ್ನೊಳಗೇ ಹೋಗಿ ಸೇರುವ ಬಳ್ಳಿ. ಎಡ ಹಲಗೆಯಲ್ಲಿ ಬಡಿಯುವುದಕ್ಕೆ ದಪ್ಪನೆಯ ಬಳೆ, ಬಲಕ್ಕೆ ತೆಳ್ಳನೆಯದು.

ಅತ್ತೆ ಬೆರಳಾಡಿಸಿ ನೋಡಿದರು. "ಒಂದ್ ಆನೆ ಇಲ್ಲ, ಲಕ್ಷ್ಮಿ ಇಲ್ಲ. ಬರೀ ಬಳ್ಳಿ ಕಣಮ್ಮಿ." ಆದರೂ ಗೃಹಪ್ರವೇಶದ ದಿನ ತಾವೇ ಅರಿಸಿನ ಕುಂಕುಮ ಇಟ್ಟರು.

ಎಲ್ಲರೂ ಆ ಮನೆಗೆ ಒಗ್ಗಿದರು, ನಾನು ಒಗ್ಗಲಿಲ್ಲ. ಬೀದಿಯಲ್ಲಿ ಕಬ್ಬಿನ ಟ್ರಾಕ್ಟರು ಹೋದರೆ ಸಾಕು, ತೆಳ್ಳನೆಯ ಬಳೆ ಅಲುಗಿ ಕಿಣಿಕಿಣಿ ಎನ್ನುತ್ತಿತ್ತು. ಒಲೆ ಮುಂದಿನಿಂದ ಓಡಿ ಬಂದು ಬಾಗಿಲು ತೆರೆಯುತ್ತಿದ್ದೆ. ಯಾರೂ ಇರುತ್ತಿರಲಿಲ್ಲ.

"ಟ್ರಾಕ್ಟರು ಕಣೆ ಅದು. ಸುಮ್ಕೆ ಕೂತ್ಕ," ಎನ್ನುತ್ತಿದ್ದರು ಗಂಡ.

ಕೂರಲಾಗುತ್ತಿರಲಿಲ್ಲ. ಒಮ್ಮೆ ಬಳೆಗೆ ಬಟ್ಟೆ ಸುತ್ತಿದೆ. ಆಗ ನಿಜವಾಗಿ ಯಾರಾದರೂ ಬಂದು ಬಡಿದರೆ ಕೇಳಿಸದಲ್ಲ ಎಂಬ ತಳಮಳ ಹತ್ತಿ, ಸಂಜೆಯೊಳಗೆ ಬಿಚ್ಚಿಹಾಕಿದೆ. ಯಾರದೋ ಬೆರಳಿಗೆ ಸವೆದು ನುಣುಪಾದ ಹಿತ್ತಾಳೆ ಅದು. ಅವರ ಮನೆಯ ಸದ್ದಿಗೆ ನಾನೇಕೆ ಓಡುತ್ತೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಗುಬ್ಬಿಗಳನ್ನು ಉಜ್ಜುತ್ತಿದ್ದೆ. ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಮಗಳ ಕೈ ಹಿಡಿದು ಬಂದು ಜಗುಲಿಯ ಮುಂದೆ ನಿಂತರು.

"ನಮ್ಮನೇದು ಬಾಗ್ಲು ಅಮ್ಮಾ ಇದು. ಅಂಗಡಿಯವ್ರು ಈ ಊರು ಅಂದ್ರು. ನೋಡ್ಕೊಂಡು ಹೋಗಾಣ ಅಂತ."

ಅವರೇನಾದರೂ ಕೇಳುವ ಮೊದಲೇ, "ಬೇಕಾದರೆ ಬಳೆಗಳನ್ನು ಬಿಚ್ಚಿಸಿ ಕೊಡ್ತೀನಿ, ತಗೊಂಡೋಗಿ," ಎಂದುಬಿಟ್ಟೆ.

"ಅಲ್ಲಾ! ಬೇಡಮ್ಮಾ," ಎಂದು ನಕ್ಕರು. "ನಮ್ದೀಗ ಕಬ್ಬಿಣದ ಬಾಗ್ಲು. ಬೆಲ್ ಒತ್ತಿದ್ರೆ ಹಕ್ಕಿ ಕೂಗ್ತದೆ." ತೆಳ್ಳನೆಯ ಬಳೆಯನ್ನು ಮುಟ್ಟಿದರು. "ಇದು ಹೆಂಗಸ್ರು ಬಂದ್ರೆ ಬಡಿಯೋದು. ಇದ್ರ ಸದ್ದು ಕೇಳಿದ್ರೆ ನಾನು ಎದ್ದು ಓಡ್ಬೇಕು, ಸೊಸೆ ಅಲ್ವಾ? ದಪ್ಪಂದು ಗಂಡಸ್ರು ಬಂದ್ರೆ. ಆಗ ನಾನು ಒಳಕ್ಕೆ. ಅದನ್ನ ಒಂದ್ ದಿನಾನೂ ಮುಟ್ಟಿಲ್ಲ ನಾನು."

"ಈಗ ಮುಟ್ಟಿ," ಎಂದೆ.

ಅವರು ಮಗಳತ್ತ ನೋಡಿದರು, ಬೀದಿಯತ್ತ ನೋಡಿದರು. ನಾನು ಬಾಗಿಲನ್ನು ಎಳೆದು ಮುಚ್ಚಿದೆ. ದಪ್ಪ ಬಳೆಯನ್ನು ಎರಡೂ ಕೈಯಲ್ಲಿ ಎತ್ತಿ ಬಡಿದರು. ಮೊದಲು ಮೆಲ್ಲಗೆ, ಆಮೇಲೆ ಇಡೀ ಬೀದಿಗೆ ಕೇಳುವಂತೆ.

ಒಳಗಿಂದ ಅತ್ತೆ ಕೂಗಿದರು. "ಯಾವನ್ಲಾ ಅದು? ಬಾಗ್ಲು ಮುರ್ದಾಕ್ಬುಟ್ಟೀಯ ಕಣ್ಲಾ! ತಡಿ, ಬಂದೆ!"

ಆಕೆ ಬಾಯಿಗೆ ಸೆರಗಿನಂತೆ ಬುರ್ಖಾದ ಅಂಚು ಒತ್ತಿಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಬಾಗಿಲು ತೆಗೆದ ಅತ್ತೆ ಪೆಚ್ಚಾಗಿ, "ಅಯ್ಯೋ, ಎಂಗುಸ್ರಾ! ಬನ್ರವ್ವ ಒಳಕ್ಕೆ," ಎಂದರು. ಕಾಫಿ ಕುಡಿಯುತ್ತ ಇಬ್ಬರೂ ಮಂಡಿನೋವಿನ ಎಣ್ಣೆಯ ವಿಷಯ ಮಾತಾಡಿದರು. ಬಾಗಿಲ ಮಾತೇ ಮತ್ತೆ ಬರಲಿಲ್ಲ.

ಬಸ್ಸು ಹತ್ತಿಸಲು ನಾನೂ ಹೋದೆ. ಬಸ್ಸು ಹೊರಟ ಮೇಲೆ ಮನೆ ಕಡೆ ತಿರುಗುವ ಬದಲು ಕಾಲುವೆ ಏರಿಯ ಮೇಲೆ ನಡೆಯತೊಡಗಿದೆ. ಉಗುರುಸಂದಿಯಲ್ಲಿ ಇನ್ನೂ ಹುಣಸೆಹಣ್ಣು ಅಂಟಿತ್ತು. ಗದ್ದೆಗೆ ನೀರು ಬಿಟ್ಟಿದ್ದರು. ಫೋನು ಬಂತು.

"ಎಲ್ಲಿದ್ದೀಯೆ? ಅವ್ವ ಉಡುಕ್ತಾವ್ಳೆ," ಎಂದರು ಗಂಡ.

"ಬತ್ತೀನಿ," ಎಂದೆ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮನೆ ಕಡೆ ಓಡದೆ, ಕಾಲುವೆಯ ಮುಂದಿನ ತೂಬಿನವರೆಗೂ ನಡೆದೆ.