ಅಡ್ಡ ಹೊಡೆದ ಮಳೆ

ಲಾಕ್‌ಡೌನಿನಲ್ಲಿ ಡೀಮೆನ್ ಎಂಬ ಡಚ್ ಊರಿನ ನಮ್ಮ ಮನೆಯ ಬಾಲ್ಕನಿಯ ಕಂಬಿಗೆ ಮಳೆಮಾಪಕ ಕಟ್ಟಿದ್ದೆ. ದಿನವೂ ಬೆಳಿಗ್ಗೆ ಎಂಟಕ್ಕೆ ಎಷ್ಟು ಮಳೆಯೆಂದು ಬರೆದಿಡುತ್ತಿದ್ದೆ; ಜ್ವರ ಬಂದಾಗಲೂ ತಪ್ಪಿಸಿರಲಿಲ್ಲ. ಚಂಡಮಾರುತ ಬರುತ್ತಿದೆ, ಹೊರಗೆ ಹೋಗಬೇಡಿ ಎಂದು ಫೋನು ಅರಚಿಕೊಂಡ ದಿನ ಗಂಟೆಗೊಮ್ಮೆ ಬರೆಯಲು ಕೂತೆ. ಮೂರು ಗಂಟೆಗೆ ಬಾಲ್ಕನಿಯ ಬಾಗಿಲನ್ನು ಭುಜದಿಂದ ನೂಕಿ ಹೊರಗೆ ಹೋದವಳು ತಲೆಯಿಂದ ಕಾಲಿನವರೆಗೂ ತೊಯ್ದು ಬಂದೆ. ಮಾಪಕದಲ್ಲಿ ಮಾತ್ರ ಅಳೆಯುವಷ್ಟು ನೀರೇ ಇರಲಿಲ್ಲ. ಗಾಳಿಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು.

ಗಂಡ ಟವೆಲ್ ಚಾಚಿದ. “ಸುಮ್ನೆ ಹತ್ತು ಮಿಲಿಮೀಟರ್ ಅಂತ ಬರ್ದುಬಿಡು. ಯಾರ್ ನೋಡ್ತಾರೆ?”

“ನಾನ್ ನೋಡ್ತೀನಲ್ಲ!”

ಸೊನ್ನೆ ಎಂದೇ ಬರೆದೆ. ಪಕ್ಕದ ಷರಾ ಕಾಲಮ್ಮಿನಲ್ಲಿ ಸೇರಿಸಿದೆ: ‘ಮಳೆ ಮಾಪಕಕ್ಕೆ ಬೀಳಲಿಲ್ಲ. ಅಳೆಯಲು ಹೋದವಳ ಮೇಲೆ ಬಿತ್ತು.’