ಅನ್ನದ ಬಸಮ್ಮ

ನನ್ನ ದೊಡ್ಡಮ್ಮ ಬಸಮ್ಮನನ್ನು ಹೊಂಗನೂರಿನವರು ಅನ್ನದ ಬಸಮ್ಮ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಹೊಗಳಿಕೆ, ಅರ್ಧ ಹೊಟ್ಟೆಕಿಚ್ಚು. ನಾನು ಅವಳ ಪರವಾಗಿಯೇ ಮಾತಾಡುತ್ತೇನೆ, ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ಕಡೆಯ ಮಾತನ್ನು ಅವಳ ಮಗ ಊರಿಗೆಲ್ಲ ಹೇಳಿಯಾಗಿದೆ.

ದೊಡ್ಡಮ್ಮನ ತವರು ಕುದೂರಿನ ಕಡೆ. ಅವಳಿಗೆ ಏಳು ವರ್ಷವಿದ್ದಾಗ, 1958ರಲ್ಲಿ, ಅವಳ ಚಿಕ್ಕಪ್ಪ ಹುಚ್ಚಯ್ಯನ ಮದುವೆಯಾಯಿತು. ಆಗ ಅವರ ಮನೆಯಲ್ಲಿ ವರ್ಷವಿಡೀ ರಾಗಿ ಮುದ್ದೆ. ಅನ್ನವೇನಿದ್ದರೂ ಹಬ್ಬಕ್ಕೆ, ನೆಂಟರಿಗೆ, ಬಾಣಂತಿಗೆ. ಚಪ್ಪರದ ಕೆಳಗೆ ಎಲೆ ಹಾಕಿದ ಕೂಡಲೇ ಬಸಮ್ಮ ಓಡಿಹೋಗಿ ಬೀಗರ ಸಾಲಿನಲ್ಲಿ ಕೂತುಬಿಟ್ಟಳು. ಬಿಸಿ ಅನ್ನ ಎಲೆಗೆ ಬಿತ್ತು. ಇನ್ನೇನು ಕೈ ಹಾಕಬೇಕು, ಅಷ್ಟರಲ್ಲಿ ಅಜ್ಜಿ ಬೋರಮ್ಮ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

“ಏಳಮ್ಮಿ, ಅನ್ನ ಬೀಗರಿಗೆ. ನೀನು ಒಳಗೋಗಿ ಮುದ್ದೆ ಉಣ್ಣು.”

ಬೀಗರ ಕಡೆಯ ಹೆಂಗಸೊಬ್ಬಳು ನಕ್ಕಳಂತೆ. ಆ ನಗುವನ್ನು ದೊಡ್ಡಮ್ಮ ಎಂದೂ ಮರೆಯಲಿಲ್ಲ. ತನ್ನ ಮಕ್ಕಳನ್ನು ಅನ್ನದ ಮುಂದಿನಿಂದ ಯಾರೂ ಎಬ್ಬಿಸಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ ಎನ್ನುತ್ತಿದ್ದಳು. ಏಳು ವರ್ಷದ ಹುಡುಗಿ ಇಷ್ಟೆಲ್ಲ ಯೋಚಿಸುತ್ತಾಳಾ ಎಂದು ನಾನು ಕೆಣಕಿದರೆ, “ನಿನ್ನ ಯಾರೂ ಎಲೆ ಮುಂದಿಂದ ಎಬ್ಬಿಸಿಲ್ವಲ್ಲ, ಅದ್ಕೇ ಹಲ್ಲು ಬಿಡ್ತಾ ಇದ್ದೀಯ” ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮದುವೆಯಾಗಿ ಹೊಂಗನೂರಿಗೆ ಬಂದ ಮೇಲೂ ಹತ್ತು ವರ್ಷ ಮುದ್ದೆಯನ್ನೇ ತಿರುವಿದಳು. ಆಮೇಲೆ ರೇಷ್ಮೆ ಕೈಹಿಡಿಯಿತು. ದೊಡ್ಡಪ್ಪ ಗವಿಸಿದ್ದಯ್ಯ ರಾಗಿ ಹೊಲಕ್ಕೆ ಹಿಪ್ಪುನೇರಳೆ ಹಾಕಿದ. ಮೊದಲ ಸಲ ರಾಮನಗರದ ಮಾರ್ಕೆಟ್ಟಿಗೆ ಗೂಡು ಒಯ್ಯುವ ದಿನ ನಿನಗೇನು ತರಲಿ ಎಂದು ಕೇಳಿದನಂತೆ. ಬೇರೆಯವಳಾಗಿದ್ದರೆ ಓಲೆ ಕೇಳುತ್ತಿದ್ದಳು. ಇವಳು ಅಕ್ಕಿ ಮೂಟೆ ಕೇಳಿದಳು. ಮುಂದೆ ಪ್ರತಿ ಬೆಳೆಗೂ ಮೂಟೆ ಬಂತು. ರಾಗಿ ತುಂಬಿಡುತ್ತಿದ್ದ ಅಂಗಳದ ನೆಲಗುಂಡಿಗೆ, ಆ ಹಗೇವಿಗೆ, ಮಣ್ಣು ಸುರಿದು, ಅದರ ಮೇಲೆ ಹುಳು ಸಾಕುವ ಮನೆ ಕಟ್ಟಿದರು. ಹಗೇವು ಮುಚ್ಚುವಾಗ ಮೊದಲ ಮಂಕರಿ ಮಣ್ಣು ಸುರಿದವಳು ತಾನೇ ಎಂದು ದೊಡ್ಡಮ್ಮ ಜಂಬದಿಂದ ಹೇಳುತ್ತಿದ್ದಳು.

ಅವಳ ಒಬ್ಬನೇ ಮಗ ಚನ್ನಲಿಂಗಪ್ಪ. ನನಗೆ ಅಣ್ಣನಾಗಬೇಕು. ಅವನಿಗೆ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮಜ್ಜಿಗೆ. ಅದೂ ಮಲ್ಲಿಗೆಯಂತೆ ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿಯೇ ಆಗಬೇಕು. ಹುಡುಗ ಗುಂಡುಗುಂಡಗೆ ಬೆಳೆದ. ಓರಗೆಯ ಹುಡುಗರು ಮುದ್ದೆ ಉಂಡು ಗದ್ದೆಗೆ ಇಳಿದರೆ, ಇವನು ಅನ್ನ ಉಂಡು ಮೊಪೆಡ್ ಹತ್ತಿದ. ದೊಡ್ಡವನಾದ ಮೇಲೆ ಹುಳುವಿಗೆ ಸೊಪ್ಪು ಕೊಯ್ಯುವುದಕ್ಕೂ ಆಳು. ದಿನಾ ಚನ್ನಪಟ್ಟಣಕ್ಕೆ ಹೋಗಿ ಬೇಕರಿಯಲ್ಲಿ ಎರಡು ಬನ್ನು, ಒಂದು ಬಾಟಲಿ ಜ್ಯೂಸು ಮುಗಿಸಿ ಬರುತ್ತಿದ್ದ. ಇದು ನನಗೆ ಗೊತ್ತು, ಬೇಕರಿಯ ಇದ್ರೀಸನಿಗೆ ಗೊತ್ತು. ದೊಡ್ಡಮ್ಮನಿಗೆ ಗೊತ್ತಿರಲಿಲ್ಲ.

2011ರಲ್ಲಿ, ಮೂವತ್ತೆಂಟಕ್ಕೇ, ಅವನ ಎಡಗಾಲಿನ ಹೆಬ್ಬೆರಳಿಗೆ ಗಾಯವಾಗಿ ಎರಡು ತಿಂಗಳಾದರೂ ಮಾಯಲಿಲ್ಲ. ಆಸ್ಪತ್ರೆಗೆ ಮೂವರೂ ಹೋದೆವು. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಮುನ್ನೂರ ಎಂಬತ್ತು. ಏನೇನು ಊಟ ಮಾಡುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಅಣ್ಣ ತಾಯಿಯ ಕಡೆ ಕೈ ತೋರಿಸಿದ.

“ನಮ್ಮವ್ವನ್ನೇ ಕೇಳಿ ಮೇಡಂ. ಚಿಕ್ಕೋನಿದ್ದಾಗಿಂದ ಅನ್ನ ತುರುಕಿ ತುರುಕಿ ಈ ಗತಿಗೆ ತಂದವ್ಳೆ.”

ವಾರ್ಡಿನವರೆಲ್ಲ ತಿರುಗಿ ಅವಳನ್ನು ನೋಡಿದರು. ಬನ್ನಿನ ಸುದ್ದಿ ಅವನ ಬಾಯಿಂದ ಹೊರಡಲಿಲ್ಲ. ನಾನೇ ಹೇಳಲು ಹೊರಟೆ. ನಾನು ಏನು ಹೇಳಹೊರಟೆ ಎಂದು ತಿಳಿಯದೆಯೂ ದೊಡ್ಡಮ್ಮ ನನ್ನ ಕೈ ಹಿಸುಕಿ ಸುಮ್ಮನಾಗಿಸಿದಳು. ಕಾಯಿಲೆ ಬಿದ್ದ ಮಗನ ಮೇಲೆ ಯಾರೂ ಮಾತೆತ್ತಬಾರದು, ಅವಳಿಗೆ ಅಷ್ಟೇ. ಇವತ್ತಿಗೂ ಅದನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅನ್ನ ಕಡಿಮೆ ಮಾಡಿ, ಮುದ್ದೆ ಉಣ್ಣಬಹುದು ಎಂದರು ಡಾಕ್ಟರಮ್ಮ. ಹೊಲದಲ್ಲಿ ರಾಗಿ ಇರಲಿಲ್ಲ, ಹಗೇವಿನ ಮೇಲೆ ಹುಳುಮನೆ ನಿಂತಿತ್ತು. ಹಾಗಾಗಿ ಅಂಗಡಿಯಿಂದ ಹಿಟ್ಟು ತಂದು ದೊಡ್ಡಮ್ಮ ಮೂವತ್ತು ವರ್ಷದ ಮೇಲೆ ಮತ್ತೆ ಮುದ್ದೆಕೋಲು ಹಿಡಿದಳು. ಅವಳ ಕೈಗೆ ಗೊತ್ತಿದ್ದುದು ಒಂದೇ ಅಳತೆ, ನೇಗಿಲು ಹಿಡಿದು ಬಂದವರಿಗೆ ಕಟ್ಟುವ ತೆಂಗಿನಕಾಯಿ ಗಾತ್ರದ್ದು. ಮುದ್ದೆ ಔಷಧಿ ಎಂದ ಮೇಲೆ ಹೆಚ್ಚು ಉಂಡಷ್ಟೂ ಬೇಗ ವಾಸಿ ಎಂದುಕೊಂಡ ಅಣ್ಣ ಎರಡುಂಡು ಮೂರನೆಯದನ್ನೂ ಕೇಳುತ್ತಿದ್ದ. ಕೇಳಿದ್ದನ್ನು ಇಲ್ಲವೆನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳಿಗೆ ಸಕ್ಕರೆ ಇನ್ನೂ ಏರಿತು, ಬೆರಳು ಕಪ್ಪಾಯಿತು, ಕತ್ತರಿಸಿದರು.

“ಅಷ್ಟು ಮುದ್ದೆ ಉಂಡು ನೀವೇನು ಹೊಲ ಉಳ್ತೀರಾ?” ಎಂದು ಡಾಕ್ಟರಮ್ಮ ರೇಗಿದರು. “ಒಂದು ಸಣ್ಣ ಮುದ್ದೆ ಸಾಕಾಗಿತ್ತು. ಜೊತೆಗೆ ಸೊಪ್ಪು, ಕಾಳು ತಿನ್ನಿ, ನಡೀರಿ.”

ಅಣ್ಣ ಗೋಡೆಯ ಕಡೆ ತಿರುಗಿ ಮಲಗಿ, “ಅನ್ನದಲ್ಲಿ ಆಗ್ದೆ ಇದ್ದುದ್ನ ಮುದ್ದೆಲಿ ಮಾಡ್ಬುಟ್ಲು” ಎಂದ.

ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ದೊಡ್ಡಮ್ಮ ಅತ್ತಳು. “ನಂಗೆ ಮೋಸ ಆಯ್ತು ಕಣಮ್ಮಿ. ಯಾರು ಮಾಡಿದ್ರು ಅಂತ ಹೇಳಕ್ಕೂ ಬರದೆ ಇರೋ ಮೋಸ. ಅನ್ನ ಮಾಡಿದ್ದಾ, ಮುದ್ದೆ ಮಾಡಿದ್ದಾ? ಅನ್ನ ಮುದ್ದೆನ ಬಯ್ಯಕ್ಕಾದೀತಾ? ಮಗನ್ನೂ ಬಯ್ಯಕ್ಕೆ ಬಾಯಿ ಬರಕಿಲ್ಲ.”

ಎಂಟು ವರ್ಷ ಕಳೆದವು. ಅಣ್ಣ ಔಷಧಿ, ಪಥ್ಯ, ಬೆಳಗಿನ ನಡಿಗೆ ಎಲ್ಲ ಹಿಡಿದು ಸುಧಾರಿಸಿಕೊಂಡ. ಸಿಕ್ಕವರಿಗೆಲ್ಲ ರಾಗಿಯ ಮೇಲೆ ಭಾಷಣ ಮಾಡುವಷ್ಟಾದ. 2019ರಲ್ಲಿ ಮಗಳ ಮದುವೆಯನ್ನು ಚನ್ನಪಟ್ಟಣದ ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡ. ಊಟದಲ್ಲಿ ಉಪ್ಸಾರಿನ ಜೊತೆ ನಿಂಬೆಹಣ್ಣಿನ ಗಾತ್ರದ ಮುದ್ದೆ. ಈಗ ಅದು ದೊಡ್ಡಸ್ತಿಕೆ. ಬೀಗರ ಕಡೆಯವರು ಇನ್ನೊಂದು, ಇನ್ನೊಂದು ಎಂದು ಹಾಕಿಸಿಕೊಳ್ಳುತ್ತಿದ್ದರು.

ಅದೇ ಸಾಲಿನ ತುದಿಯಲ್ಲಿ, ನನ್ನ ಪಕ್ಕದಲ್ಲಿ ದೊಡ್ಡಮ್ಮ ಕೂತಿದ್ದಳು. ಬಡಿಸುವವನು ಅವಳ ಎಲೆಗೆ ಮುದ್ದೆ ಹಾಕಲು ಬಗ್ಗಿದ. ಅಣ್ಣ ಒಸಿ ಕುಂಟುತ್ತಲೇ ಬಂದು ಅವನ ಕೈ ತಡೆದ.

“ಅವ್ವಾ, ಮುದ್ದೆ ಸಾಲ್ತಾ ಇಲ್ಲ, ಬೀಗರಿಗೆ ಆಗ್ಲಿ. ನೀನು ಅನ್ನ ಉಣ್ಣು.”

ಎಲೆಗೆ ಬಿಸಿ ಅನ್ನ ಬಿತ್ತು. ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ. ಎಲೆ ಮಡಿಸಿ, ನನ್ನ ಭುಜ ಹಿಡಿದು ಎದ್ದು ನಿಂತಳು.

“ಅವತ್ತು ಅವರು ಎಬ್ಬಿಸಿದ್ರು. ಇವತ್ತು ನಾನೇ ಏಳ್ತೀನಿ ಕಣಪ್ಪ.”

ತನ್ನ ಚಿಕ್ಕಪ್ಪನ ಮದುವೆಯ ಕಥೆಯನ್ನು ಅವಳು ಅವನಿಗೆ ನೂರು ಸಲ ಹೇಳಿದ್ದಳು, ಎದುರು ಕೂತು ಅನ್ನ ಬಡಿಸುತ್ತಲೇ ಹೇಳಿದ್ದಳು. ಅಣ್ಣ ಗಾಬರಿಯಾಗಿ ಸುತ್ತ ನೋಡಿದ.

“ಯಾರವ್ವ? ಯಾರು ಎಬ್ಬಿಸಿದ್ರು ನಿನ್ನ?” ಎಂದು ಕೇಳಿದ.