ಸಭೆಗೆ ಮುಂಚೆ ಅತ್ತೆ ಕೇಳಿದ್ದು

ಬೆಳಿಗ್ಗೆ ಅಂಚೆಯಲ್ಲಿ ಒಂದು ಆಹ್ವಾನ ಪತ್ರಿಕೆ ಬಂತು. ಅಚ್ಚಿನ ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಪ್ರಾರ್ಥನೆಯಿಂದ ವಂದನಾರ್ಪಣೆಯವರೆಗೆ ಎಲ್ಲವೂ ಅದರಲ್ಲಿತ್ತು. ಜನ ಸೇರುವುದು ಯಾತಕ್ಕೆ ಎಂಬುದು ಮಾತ್ರ ಇರಲಿಲ್ಲ. ನಗಬೇಡಿ, ಇಂಥದ್ದೊಂದನ್ನು ನಾನೂ ಬರೆದವನೇ.

ಆಗ ಮೂವತ್ತರ ದಶಕ. ಕೋಲಾರದಲ್ಲಿ ಹೈಸ್ಕೂಲು ಮುಗಿಸಿ ಮುಳಬಾಗಿಲ ಹತ್ತಿರದ ನಮ್ಮೂರಿಗೆ ಬಂದಿದ್ದೆ. ನಾಲ್ಕು ಅಕ್ಷರ ಇಂಗ್ಲಿಷ್ ಬಂದವನೆಂದು ಊರವರು ನನ್ನನ್ನು ಊರ ಸಭೆಗೆ ಸೆಕ್ರೆಟರಿ ಮಾಡಿದರು. ಕೆರೆಯ ಏರಿ ತೂಬಿನ ಪಕ್ಕದಲ್ಲಿ ಕುಸಿದಿತ್ತು. ಮಳೆಗಾಲಕ್ಕೆ ಮುಂಚೆ ಕಟ್ಟದಿದ್ದರೆ ಬಂದ ನೀರೆಲ್ಲ ಹರಿದುಹೋಗುತ್ತಿತ್ತು. ಅದಕ್ಕೆಂದು ಊರವರು ಎರಡು ಸಲ ಸೇರಿದ್ದರು. ಎರಡು ಸಲವೂ ಮೇಲಿನ ಗದ್ದೆಯ ಮುನಿಯಪ್ಪನಿಗೂ ಕೆಳಗಿನ ಗದ್ದೆಯ ವೆಂಕಟಪ್ಪನಿಗೂ ಯಾವ ಕಾಲದ್ದೋ ನೀರಿನ ಜಗಳ ಹತ್ತಿಕೊಂಡು, ಉಳಿದವರು ಪಂಚೆ ಕೊಡವಿ ಎದ್ದು ಹೋಗಿದ್ದರು.

ಮುಂದಿನ ಸಭೆಗೆ ನಾನು ದುಂಡಗಿನ ಅಕ್ಷರದಲ್ಲಿ ಕಾರ್ಯಕ್ರಮ ಬರೆದೆ. ಮೊರದಲ್ಲಿ ರಾಗಿ ಕೇರುತ್ತಿದ್ದ ಸೋದರತ್ತೆ ಸಾವಿತ್ರಮ್ಮನವರಿಗೆ ಓದಿ ಹೇಳಿದೆ. ಸ್ವಾಗತ, ಅಧ್ಯಕ್ಷರ ಭಾಷಣ, ಸೆಕ್ರೆಟರಿಯ ಭಾಷಣ (ಇದು ಕೊಂಚ ಉದ್ದ).

“ಲೇ, ಇದ್ರಲ್ಲಿ ಕೆರೆ ಎಲ್ಲೋ?” ಎಂದರು ಅತ್ತೆ.

“ಕೊನೇಲಿದೆ ಅತ್ತೆ. ‘ಕೆರೆಯ ವಿಚಾರ’ ಅಂತ.”

“ವಿಚಾರ ಅಂದ್ರೆ ಜಗಳಕ್ಕೆ ಬನ್ನಿ ಅಂತ ಕರ್ದಂಗೆ ಕಣೋ. ಏನ್ ಕೇಳ್ಬೇಕೋ ಅದನ್ನ ಕೇಳು. ಕೆಲಸ ಯಾವತ್ತು ಶುರು? ಮಣ್ಣು ಎಲ್ಲಿಂದ? ಗಾಡಿ ಯಾರ್ದು? ಹಾಲು ಕರೆಯೋ ಹೊತ್ತಿಗೆ ಎಲ್ರೂ ಎದ್ಬಿಡ್ಬೇಕು.”

“ಮತ್ತೆ ನನ್ನ ಭಾಷಣ?”

“ಕೆರೆ ತುಂಬಿದ್ಮೇಲೆ ಮಾಡೀಯಂತೆ. ಮೀನು ಕೇಳ್ತವೆ.”

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಮುನಿಯಪ್ಪನ ಮನೆಗೆ ಹೋಗಿ ಮಣ್ಣಿನ ಮಾತು ನೀನೇ ಎತ್ತಬೇಕಪ್ಪ ಎಂದರು. ವೆಂಕಟಪ್ಪನ ಮನೆಗೆ ಹೋಗಿ ಗಾಡಿಯ ಮಾತನ್ನು ಅವನಿಗೆ ಒಪ್ಪಿಸಿದರು. ಇಬ್ಬರೂ ಹೆಂಡತಿಯರ ಮುಂದೆ ನಿಂತು ಅದನ್ನು ಅಭ್ಯಾಸ ಮಾಡಿದರೆಂದು ಆಮೇಲೆ ತಿಳಿಯಿತು.

ಸಭೆಯ ದಿನ ಅತ್ತೆಯೂ ಬಂದು ಚಾವಡಿಯ ಕಂಬಕ್ಕೆ ಒರಗಿ ಕುಳಿತರು. ಹೆಂಗಸರು ಅಲ್ಲಿ ಕೂತದ್ದೇ ಇರಲಿಲ್ಲ; ಬೇಡವೆನ್ನಲು ಯಾರಿಗೂ ಧೈರ್ಯವಾಗಲಿಲ್ಲ. ಮೊದಲ ಪ್ರಶ್ನೆ ಓದಿದೆ. ಸೋಮವಾರ ಶುರು ಎಂದಾಯಿತು. ಮುನಿಯಪ್ಪ ಎದ್ದು, ತನ್ನ ಹೊಲದ ದಿಬ್ಬದ ಮಣ್ಣನ್ನೇ ತೆಗೆಯಿರಿ ಎಂದ. ಅಲ್ಲಿಗೆ ನಿಲ್ಲಿಸಬಾರದೇ?

“ಆದ್ರೆ ಆವತ್ತು ಇವ್ನು ನನ್ ನೀರು...”

ವೆಂಕಟಪ್ಪ ಪಂಚೆ ಎತ್ತಿ ಕಟ್ಟಿದ.

“ಅದು ಇವತ್ತಿನ ಪ್ರಶ್ನೆ ಅಲ್ಲ ಕಣಪ್ಪ,” ಎಂದರು ಅತ್ತೆ ಮೆಲ್ಲಗೆ. “ವೆಂಕಟಪ್ಪ, ಗಾಡಿ ಮಾತು ನಿಂದಲ್ವಾ?”

ವೆಂಕಟಪ್ಪ ಗಂಟಲು ಸರಿಮಾಡಿಕೊಂಡ. ಅಭ್ಯಾಸ ಮಾಡಿದ್ದನ್ನು ಹೇಳದೆ ಬಿಡಲು ಅವನಿಗೂ ಮನಸ್ಸಿರಲಿಲ್ಲ. “ಗಾಡಿ ನಂದು. ಇವ್ನ ದಿಬ್ಬದಿಂದ್ಲೇ ತುಂಬ್ತೀನಿ. ಕಾನೀಮ್ಮಾ, ಆಗ್ಲಿ!” ಎಂದ, ತೆಲುಗನ್ನೂ ಬೆರೆಸಿ.

ಹಸುಗಳು ಮನೆ ಸೇರುವ ಮೊದಲೇ ಸಭೆ ಮುಗಿದಿತ್ತು.

ಮಳೆ ಬಂತು, ಏರಿ ನಿಂತಿತು. ತೂಬು ಎತ್ತಿದ ದಿನ ನೀರು ನೊರೆಗಟ್ಟಿ ಕಾಲುವೆಗೆ ನುಗ್ಗಿದಾಗ, ಅದನ್ನು ಮೊದಲು ಕಂಡವನು ಯಾರೆಂದು ಮುನಿಯಪ್ಪ, ವೆಂಕಟಪ್ಪ ವಾದಕ್ಕೆ ನಿಂತರು, ನಗುತ್ತಲೇ. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲುವೆಗೆ ಇಳಿದೇಬಿಟ್ಟರು. “ಬಾರೋ ಸೆಕ್ರೆಟರಿ!” ಎಂದು ಕೂಗಿದರು. ಚಪ್ಪಲಿಯನ್ನೂ ಬಿಚ್ಚದೆ ಇಳಿದೆ.

ಅತ್ತೆ ಹೋಗಿ ಬಹಳ ವರ್ಷಗಳಾದವು. ಆದರೂ, ಈ ಮಧ್ಯಾಹ್ನದ ಧಗೆಯಲ್ಲಿ ಇದನ್ನು ನಿಮಗೆ ಹೇಳುತ್ತ ಕುಳಿತಿರುವ ನನ್ನ ಪಾದಗಳು ತಣ್ಣಗಿವೆ.